ಕೇಳಿದರು, ಹೇಳಿದೆ

ನನ್ನ ತಾತ ತಮ್ಮ ಜೊತೆಗಾರನೊಬ್ಬನನ್ನು ಪೊಲೀಸರಿಗೆ ತೋರಿಸಿಕೊಟ್ಟವರು ಎಂದು ನನಗೆ ಗೊತ್ತಾದದ್ದು ನಾನು ಪಾಠ ಮಾಡುತ್ತಿದ್ದ ಶಾಲೆಯ ಅಂಗಳದಲ್ಲಿ, ಮೈಕಿನಲ್ಲಿ, ಶಾಲೆಯ ಅಷ್ಟೂ ಮಕ್ಕಳಿಗೆ ಗೊತ್ತಾದ ಗಳಿಗೆಯಲ್ಲೇ. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ಅದು. ನನಗೆ ಇಪ್ಪತ್ತೇಳು. ಬಾಳ್ಳುಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಚಳವಳಿಯ ಪಾಠ ಬಂದಾಗಲೆಲ್ಲ "ನಮ್ಮ ತಾತ..." ಎಂದು ಶುರುಮಾಡುವುದು ನನಗೆ ಚಟವೇ ಆಗಿಬಿಟ್ಟಿತ್ತು. ಎಂಟು ತಿಂಗಳು ಹಾಸನದ ಜೈಲಿನಲ್ಲಿದ್ದವರ ಮೊಮ್ಮಗಳು ನಾನು. ಅದನ್ನು ಮಕ್ಕಳಿಗೆ ಮರೆಯಲು ಬಿಡುತ್ತಿರಲಿಲ್ಲ.

ತಾತ ಸುಳ್ಳು ಹೇಳುವವರಲ್ಲ. ಇದು ಊರೆಲ್ಲ ಬಲ್ಲ ಮಾತು. ನನಗೆ ಹನ್ನೆರಡು ತುಂಬಿ ಮೂರು ದಿನವಾಗಿದ್ದಾಗ ಆಲೂರಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಅಮ್ಮ ಅರ್ಧ ಟಿಕೆಟ್ ಕೇಳಿದ್ದಳು. ಹಿಂದಿನ ಸೀಟಿನಿಂದ ತಾತ ಎದ್ದು ನಿಂತು, "ಕಂಡಕ್ಟ್ರೇ, ಆ ಹುಡುಗಿಗೆ ಮೊನ್ನೆ ಹನ್ನೆರಡು ತುಂಬ್ತು, ಪೂರ್ತಿ ಟಿಕೆಟ್ ಹರೀರಿ" ಎಂದರು. ಬಸ್ಸೆಲ್ಲ ನಕ್ಕಿತು. ಅಮ್ಮ ಹಾಸನ ಬರುವವರೆಗೂ ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಅದಕ್ಕೂ ಎಷ್ಟೋ ಹಿಂದೆ, ನನ್ನ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ನೋಡಲು ಬೇಲೂರು ಕಡೆಯಿಂದ ಗಂಡಿನವರು ಬಂದಿದ್ದರಂತೆ. ಎಲ್ಲ ಮಾತೂ ಮುಗಿದು ಎಲೆ ಅಡಿಕೆ ಹಿಡಿಯುವ ಹೊತ್ತಿಗೆ ಗಂಡಿನ ತಾಯಿ ಸುಮ್ಮನೆ ಬಾಯಿಮಾತಿಗೆ, "ಹುಡುಗಿಗೆ ಕಾಯಿಲೆ ಕಸಾಲೆ ಏನಿಲ್ವಲ್ಲ?" ಎಂದು ಕೇಳಿದರು. ತಾತ, "ಐದಾರು ವರ್ಷದವಳಿದ್ದಾಗ ಮೂರು ಸಲ ಫಿಟ್ಸ್ ಬಂದಿತ್ತು. ಆಮೇಲೆ ಬಂದಿಲ್ಲ" ಎಂದರು. ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯಿತು. ಆ ಸುದ್ದಿ ಮುಂದಿನ ಗಂಡುಗಳಿಗಿಂತ ಮೊದಲೇ ಊರೂರು ಸುತ್ತಿತು. ಅತ್ತೆ ನಮ್ಮ ಮನೆಯಲ್ಲೇ ಉಳಿದರು. ನಾನು ಇದನ್ನೂ ತಾತನ ಹೆಗ್ಗಳಿಕೆ ಎಂದೇ ಹೇಳಿಕೊಂಡು ತಿರುಗುತ್ತಿದ್ದೆ. ಅತ್ತೆ ಎದುರಿಗಿದ್ದಾಗಲೂ ಹೇಳಿದ್ದೇನೆ. ನೆನೆದರೆ ಈಗ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಆ ವರ್ಷ ಜುಲೈ ಕೊನೆಗೆ ಹೆಡ್‌ಮಾಸ್ಟರು ನನ್ನನ್ನು ಕರೆದರು. ತಾಲ್ಲೂಕು ಕಚೇರಿಯಲ್ಲಿ ಯಾರೋ ಅವರಿಗೆ ಇನ್ನೊಬ್ಬ ಹೋರಾಟಗಾರರ ವಿಷಯ ಹೇಳಿದ್ದರು. ಹೊಂಗಡಹಳ್ಳದ ಕಡೆಯವರು, ವಯಸ್ಸು ಎಪ್ಪತ್ತೈದು ದಾಟಿದೆ, ಯಾವ ಸಭೆಗೂ ಹೋದವರಲ್ಲ.

"ನಿಮ್ಮ ತಾತ ಹೆಂಗೂ ಬರ್ತಾರೆ. ಇವ್ರನ್ನೂ ಕೂರ್ಸಿದ್ರೆ ವೇದಿಕೆ ತುಂಬುತ್ತೆ. ನೀವೇ ಹೋಗಿ ಕರೀರಿ" ಎಂದರು.

ಮನೆಗೆ ಬಂದು ತಾತನಿಗೆ ಹೇಳಿದೆ. ಅವರು ಜಗಲಿಯಲ್ಲಿ ಕೂತು ಮೆಣಸು ಆರಿಸುತ್ತಿದ್ದರು. ಕೈ ನಿಂತಿತು.

"ಬದುಕವ್ನಾ?"

"ಗೊತ್ತಾ ತಾತ ನಿಮಗೆ ಅವರು?"

"ಗೊತ್ತಿಲ್ದೆ ಏನು. ಒಂದೇ ಬ್ಯಾರಕ್ಕಲ್ಲಿದ್ವಿ. ಹೋಗಿ ಕರಿ. ಬಂದ್ರೆ ಒಳ್ಳೇದೇ."

ಅಷ್ಟು ವರ್ಷದಲ್ಲಿ ತಾತ ಜೈಲಿನ ಕಥೆ ನೂರು ಸಲ ಹೇಳಿದ್ದರು. ಈ ಮನುಷ್ಯ ಅದರಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ಕೆದಕಲು ಹೋಗಲಿಲ್ಲ.

ಭಾನುವಾರ ಸಕಲೇಶಪುರಕ್ಕೆ ಹೋಗಿ ಬಿಸಿಲೆ ಕಡೆಯ ಬಸ್ಸು ಹತ್ತಿದೆ. ಹೊಂಗಡಹಳ್ಳದಲ್ಲಿ ಇಳಿದು ಕೇಳಿದರೆ ಎಲ್ಲರಿಗೂ ಗೊತ್ತು, "ಕೈ ಸೊಟ್ಟ ಇರೋ ಅಜ್ಜನಾ?" ಎಂದು ದಾರಿ ತೋರಿಸಿದರು. ಮೂರೆಕರೆ ಕಾಫಿಯ ನಡುವೆ ಹೆಂಚಿನ ಮನೆ. ಅವರು ಗಿಡದ ಬುಡದಲ್ಲಿ ಕೂತು ಬಲಗೈಯಲ್ಲಿ ಕಳೆ ಕೀಳುತ್ತಿದ್ದರು. ಎಡಗೈಯ ಮೂರು ಬೆರಳು ಅಂಗೈ ಕಡೆಗೆ ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು.

ಸೊಸೆ ಕಾಫಿ ತಂದುಕೊಟ್ಟು, "ಮಾವ ಎಲ್ಲೂ ಬರಲ್ಲ ಕಣ್ರೀ. ಹೋದ್ಸಲ ಶಾಸಕ್ರ ಕಡೆಯೋರು ಬಂದಾಗ್ಲೂ ವಾಪಸ್ ಕಳಿಸ್ಬುಟ್ರು" ಎಂದಳು.

ನಾನು ಕರೆಯೋಲೆ ಕೊಟ್ಟೆ. ಅವರು ಓದಿದರು. ಪಕ್ಕದಲ್ಲಿ ಕೂರುವವರ ಹೆಸರು ಅದರಲ್ಲಿತ್ತು.

"ಇವ್ರು ನಿಂಗೇನಾಗ್ಬೇಕವ್ವಾ?"

"ನಮ್ಮ ತಾತ. ಅಪ್ಪನ ಅಪ್ಪ."

ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಗದ್ದ ನಿಮ್ಮಜ್ಜಿದು" ಎಂದರು. ಆಮೇಲೆ, "ನನ್ನ ವಿಷ್ಯ ಏನಾದ್ರೂ ಹೇಳವ್ರಾ ಅವ್ರು?"

"ಇಲ್ಲ."

"ಹಂಗಾದ್ರೆ ಬರ್ತೀನಿ" ಎಂದರು. ಸೊಸೆ ಬೆರಗಾಗಿ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಖುಷಿಯಲ್ಲಿ ಬಸ್ಸು ಹತ್ತಿದೆ.

ಹದಿನೈದನೇ ತಾರೀಖು ಧ್ವಜ ಏರಿಸಿದ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆವು. ಇಬ್ಬರೂ ನಮಸ್ಕಾರ ಮಾಡಿಕೊಳ್ಳಲಿಲ್ಲ. ವಯಸ್ಸಾದವರು, ಕಣ್ಣು ಸರಿಯಾಗಿ ಕಾಣುವುದಿಲ್ಲವೇನೋ ಅಂದುಕೊಂಡೆ. ತಾತ ಮೊದಲು ಮಾತಾಡಿದರು. ನಾನು ಬಾಯಿಪಾಠ ಬಲ್ಲ ಅದೇ ಭಾಷಣ: ಬೆಳಗಿನ ಜಾವದ ಮೆರವಣಿಗೆ, ಲಾಠಿ ಏಟು, ಜೈಲಿನ ಹುಳು ಬಿದ್ದ ಮುದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಆ ಅಜ್ಜ ಎದ್ದು ಮೈಕು ಹಿಡಿದರು.

"ಮಕ್ಳೇ, ನಾವು ಏಳು ಜನ ಇದ್ವಿ. ಏಳು ಜನದಲ್ಲಿ ಎರಡು ಪಾರ್ಟಿ. ಅದನ್ನ ಯಾರೂ ನಿಮಗೆ ಹೇಳಿರಲ್ಲ" ಎಂದು ಶುರುಮಾಡಿದರು.

ನಲವತ್ತೆರಡರಲ್ಲಿ ಮಂಗಳೂರು ರಸ್ತೆಯ ಪಕ್ಕದ ಟೆಲಿಗ್ರಾಫ್ ತಂತಿ ಕತ್ತರಿಸಬೇಕು ಎಂದು ಈ ಅಜ್ಜನ ಕಡೆಯ ನಾಲ್ವರು. ಕದ್ದು ಮಾಡುವ ಕೆಲಸ ಸತ್ಯಾಗ್ರಹವಲ್ಲ, ಮಾಡುವುದಾದರೆ ಹಗಲಲ್ಲಿ, ಹೇಳಿ ಮಾಡಿ, ನಿಂತು ಹಿಡಿಸಿಕೊಳ್ಳಬೇಕು ಎಂದು ತಾತನ ಕಡೆಯ ಮೂವರು. ಒಂದೇ ಬೀದಿಯಲ್ಲಿ ಒಂದೇ ದಿನ ಎರಡು ಮೆರವಣಿಗೆ ಹೊರಟವಂತೆ, ಒಬ್ಬರ ಘೋಷಣೆ ಇನ್ನೊಬ್ಬರಿಗೆ ಕೇಳದಂತೆ ಕೂಗಿಕೊಂಡು. "ಬ್ರಿಟಿಷ್ರಿಗೆ ಬೈದಿದ್ದಕ್ಕಿಂತ ಜಾಸ್ತಿ ಒಬ್ರಿಗೊಬ್ರು ಬೈಕೊಂಡ್ವಿ" ಎಂದರು. ಮಕ್ಕಳು ನಕ್ಕರು. ನಾನೂ ನಕ್ಕೆ.

"ನಾವು ತಂತಿ ಕತ್ತರಿಸಿದ್ವಿ. ಪೊಲೀಸ್ರು ಹುಡುಕ್ತಾ ಬಂದ್ರು. ನಾನು ಒಂದು ಎಸ್ಟೇಟಿನ ಸ್ಟೋರಲ್ಲಿ, ಕಾಫಿ ಮೂಟೆ ಹಿಂದೆ ಒಂಬತ್ತು ದಿನ ಇದ್ದೆ. ಒಂದು ಹೆಣ್ಣುಮಗಳು ದಿನಾ ಸೊಪ್ಪಿನ ಹೊರೆ ಒಳಗೆ ಅಕ್ಕಿ ರೊಟ್ಟಿ ಇಟ್ಕೊಂಡು ತಂದ್ಕೊಡೋಳು. ಹದಿನೇಳು ವರ್ಷ ಆಯಮ್ಮನಿಗೆ. ಈ ಕೂತವ್ರಲ್ಲ, ಇವ್ರ ಹೆಂಡ್ತಿ." ಬಗ್ಗಿದ ಬೆರಳುಗಳಲ್ಲೇ ತಾತನ ಕಡೆಗೆ ಕೈ ಮಾಡಿದರು. "ಒಂಬತ್ತನೇ ದಿನ ಇನ್ಸ್‌ಪೆಕ್ಟರು ಇವ್ರನ್ನ ಕೇಳಿದ್ರು, ಅವ್ನು ಎಲ್ಲವ್ನೆ ನಿಮಗೆ ಗೊತ್ತಾ ಅಂತ. ಇವ್ರು ಗೊತ್ತು ಅಂದ್ರು. ಜೊತೇಲೇ ಬಂದು ಸ್ಟೋರಿನ ಬಾಗ್ಲು ತೋರಿಸಿದ್ರು. ಈ ಬೆರಳು ಅವತ್ತು ಮುರಿದಿದ್ದು."

ಅಷ್ಟೇ ಹೇಳಿ ಕೂತರು. ದನಿ ಏರಿರಲಿಲ್ಲ. ಹೆಡ್‌ಮಾಸ್ಟರು ಅರ್ಧ ಎದ್ದವರು ಹಾಗೇ ಬಗ್ಗಿ ನಿಂತಿದ್ದರು. ಇದು ಸುಳ್ಳು, ವಯಸ್ಸಾದವರ ಅರಳುಮರಳು, ಈಗ ತಾತ ಎದ್ದು ಇಲ್ಲ ಎನ್ನುತ್ತಾರೆ ಎಂದು ಕಾದೆ.

ತಾತ ಎದ್ದರು. ಮೈಕಿನ ಹತ್ತಿರ ಹೋಗಲಿಲ್ಲ, ನಿಂತಲ್ಲೇ ಹೇಳಿದರು.

"ಅವ್ನು ಹೇಳಿದ್ದು ನಿಜ. ಕೇಳಿದ್ರು, ಹೇಳ್ದೆ. ಸುಳ್ಳಾಡಲ್ಲ ಅಂತ ಆಣೆ ಮಾಡಿದ್ದೆ. ನನ್ನ ಕೇಳಿದ್ರೆ ಹೇಳ್ಬುಡ್ತೀನಿ ಕಣೋ ಅಂತ ಅವ್ನಿಗೂ ಮೊದ್ಲೇ ಹೇಳಿದ್ದೆ."

"ಹೇಳಿದ್ದ" ಎಂದರು ಆ ಅಜ್ಜ ಕೂತಲ್ಲಿಂದಲೇ. "ನಾನು ನಂಬಿರ್ಲಿಲ್ಲ."

ಹೆಡ್‌ಮಾಸ್ಟರು ಅವಸರವಾಗಿ ಜನಗಣಮನ ಹಾಡಿಸಿದರು. ಎಲ್ಲರೂ ನೆಟ್ಟಗೆ ನಿಂತೆವು. ಮುಂದಿನ ಸಾಲಿನಲ್ಲಿದ್ದ ಮಕ್ಕಳು ಹಾಡುತ್ತಲೇ ನನ್ನ ಮುಖ ನೋಡುತ್ತಿದ್ದರು. ಸಭೆಗೆ ಬಂದಿದ್ದ ಅಪ್ಪ ತಾತನನ್ನು ಮನೆಗೆ ಕರೆದುಕೊಂಡು ಹೋದರು. ನಾನು ಆ ಅಜ್ಜನನ್ನು ಬಸ್ಸಿಗೆ ಬಿಡಲು ಹೆದ್ದಾರಿಗೆ ನಡೆದೆ. ದಾರಿಯಲ್ಲಿ, "ನಮ್ಮ ತಾತನ ಪರವಾಗಿ ನಾನು ಕ್ಷಮೆ..." ಎಂದು ಬಾಯಿ ತೆರೆದೆ.

"ನೀನ್ಯಾಕವ್ವ ಕೇಳ್ತೀಯ. ಅವ್ನೇ ಕೇಳಲ್ಲ. ಕೇಳಿದ್ರೆ ಅವ್ನು ಅವ್ನಾಗಿರಲ್ಲ" ಎಂದರು. ಲಾರಿಯೊಂದು ಹೋಗಲಿ ಎಂದು ಕಾದು, ಮತ್ತೆ ಹೇಳಿದರು: "ನನ್ನ ಹಿಡಿದ ಮಾರನೇ ದಿನ ಅವ್ನೇ ಅಮಲ್ದಾರ್ರ ಕಚೇರಿ ಮುಂದೆ ಬಾವುಟ ಹಿಡ್ದು ಕೂತು, ಒಳಗೆ ಬಂದ. ಎಂಟು ತಿಂಗಳು ಒಂದೇ ಬ್ಯಾರಕ್ಕು. ನಾವು ನಾಲ್ಕು ಜನ ಈ ಗೋಡೆಗೆ, ಅವ್ರು ಮೂರು ಜನ ಆ ಗೋಡೆಗೆ. ಒಂದು ಮಾತಿಲ್ಲ. ಜೈಲರ್ರು ನಗೋರು, ನಿಮಗೆ ಸ್ವರಾಜ್ಯ ಕೊಟ್ರೆ ಯಾವ ಗೋಡೆಗೆ ಕೊಡೋದು ಅಂತ."

ಬಸ್ಸು ಬರುವುದು ಕಾಣುತ್ತಿತ್ತು. ಆಗ ಅವರು ಹೇಳಿದ್ದು ಬೆಳಗಿನ ಮಾತಿಗಿಂತ ಹೆಚ್ಚು ನನ್ನನ್ನು ಅಲ್ಲಾಡಿಸಿತು. ಹೋರಾಟಗಾರರ ಪಿಂಚಣಿಗೆ ಜೊತೆಯಲ್ಲಿ ಜೈಲಿನಲ್ಲಿದ್ದವರ ಸಾಕ್ಷಿ ಪತ್ರ ಬೇಕಾಗಿತ್ತು. ತಾತನ ಕಡೆಯ ಇಬ್ಬರೂ, ಇವರ ಕಡೆಯ ಮೂವರೂ ಅಷ್ಟರಲ್ಲಿ ತೀರಿಕೊಂಡಿದ್ದರು. ತಾತನಿಗೆ ಸಾಕ್ಷಿ ಬರೆದುಕೊಟ್ಟವರು ಇವರು.

"ನೀವಾ? ಯಾಕೆ?"

"ಕಚೇರಿಯೋರು ಕಾಗ್ದ ಕಳ್ಸಿ ಕೇಳಿದ್ರು, ಇವ್ರು ಒಳಗಿದ್ದದ್ದು ನಿಜಾನಾ ಅಂತ. ನಿಜ ತಾನೆ?"

"ನಿಮಗೆ ಪಿಂಚಣಿ?"

"ಅವ್ನ ಹತ್ರ ಸಾಕ್ಷಿ ಕೇಳ್ಬೇಕಿತ್ತಲ್ಲ. ಬೇಡಾಂತ ಬುಟ್ಟೆ" ಎಂದು ಬಸ್ಸು ಹತ್ತಿದರು.

ಮಧ್ಯಾಹ್ನ ಮನೆಗೆ ಬಂದೆ. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಅಪ್ಪ ಎಲ್ಲ ಹೇಳಿದ್ದರು. ಆದರೆ ಅತ್ತೆಯ ಮುಖದಲ್ಲಿ ಹೊಸ ಸುದ್ದಿ ಕೇಳಿದ ಲಕ್ಷಣವೇ ಇರಲಿಲ್ಲ.

"ನಿಮಗೆ ಗೊತ್ತಿತ್ತಾ ಅತ್ತೆ?"

"ಅವ್ವ ಹೇಳಿತ್ತು. ಆ ಸ್ಟೋರಿನ ಜಾಗ ಅಪ್ಪನಿಗೆ ಹೇಳಿದ್ದೂ ಅವ್ವನೇ. ಅವತ್ತಿಂದ ಅವ್ವ ಅಪ್ಪನಿಗೆ ಒಂದು ವಿಷ್ಯ ಹೇಳಿದ್ದಿಲ್ಲ, ಗೊತ್ತಾ ನಿಂಗೆ? ಅಡುಗೆ ಆಯ್ತು, ದನ ಬಂತು, ಇಷ್ಟೇ. ಎದೇಲಿ ಗಂಟು ಕಂಡಾಗ್ಲೂ ನಂಗೊಬ್ಬಳಿಗೇ ಹೇಳಿ ಬಾಯಿಗೆ ಬೀಗ ಹಾಕಿಸ್ತು. ಅಪ್ಪನಿಗೆ ಗೊತ್ತಾದ್ರೆ ಯಾರು ಕೇಳಿದ್ರೂ ಹೇಳ್ಬುಡ್ತಾರೆ, ಊರ ಬಾಯಲ್ಲಿ ತನ್ನ ಎದೆ ವಿಷ್ಯ ಬೇಡ ಅಂತ. ಒಂದು ವರ್ಷ ಮುಚ್ಚಿಟ್ವಿ. ಆಸ್ಪತ್ರೆಗೆ ಹೋಗೋ ಹೊತ್ಗೆ ಆಗಿಹೋಗಿತ್ತು."

ಅಜ್ಜಿ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಕಾಯಿಲೆ ತಡವಾಗಿ ಗೊತ್ತಾಯಿತು ಎಂದಷ್ಟೇ ನಮಗೆ ಹೇಳಿದ್ದರು. ನಾನು ಒಲೆಯ ಪಕ್ಕದ ಮಣೆಯ ಮೇಲೆ ಕೂತೆ. ಅತ್ತೆ ತರಕಾರಿ ಹೆಚ್ಚುವುದನ್ನು ಮುಂದುವರಿಸಿದರು.

ಸಂಜೆ ತಾತ ಜಗಲಿಗೆ ಬಂದರು. ನಾನು ಎದುರಿಗೆ ಹೋಗಿ ನಿಂತೆ. ಅಜ್ಜಿಯ ಗಂಟಿನ ವಿಷಯ ಬಾಯಿಗೆ ಬಂದಿತ್ತು, ತಡೆದುಕೊಂಡೆ. ಅದು ಅತ್ತೆಯ ಗುಟ್ಟು. ಕೇಳಿದ್ದು ಬೇರೆ.

"ತಾತ, ಅಜ್ಜಿ ರೊಟ್ಟಿ ತಗೊಂಡು ಹೋಗ್ತಿದ್ದಿದ್ದನ್ನೂ ಪೊಲೀಸರಿಗೆ ಹೇಳಿದ್ರಾ?"

"ಇಲ್ಲ. ಅವ್ರು ಕೇಳ್ಲಿಲ್ಲ."

"ಕೇಳಿದ್ದಿದ್ರೆ?"

ತಾತ ಅಂಗಳದ ಕಡೆ ನೋಡಿದರು. ದನಗಳು ಕೊಟ್ಟಿಗೆಗೆ ಬರುತ್ತಿದ್ದವು. ಎಲ್ಲವೂ ಒಳಗೆ ಹೋದ ಮೇಲೆ ಅಪ್ಪ ಬಾಗಿಲು ಹಾಕಿದರು.

"ಹೇಳ್ತಿದ್ದೆ" ಎಂದರು. ಆಮೇಲೆ, "ಹೇಳ್ತಿದ್ದೆ ಅನ್ಸುತ್ತೆ."

ಹದಿನೇಳು ವರ್ಷದ ಹುಡುಗಿಯನ್ನು, ತನ್ನ ಹೆಂಡತಿಯನ್ನು! ನನಗೆ ಅವರ ಪಕ್ಕ ಕೂರಲಾಗಲಿಲ್ಲ. ಎಷ್ಟೋ ದಿನ ಅವರಿಗೆ ಕಾಫಿ ಕೊಡುವಾಗಲೂ ಮುಖ ನೋಡುತ್ತಿರಲಿಲ್ಲ. ಅವರು ಯಾವತ್ತೂ, ಯಾವ ಮಾತಿಗೂ "ಅನ್ಸುತ್ತೆ" ಎಂದವರಲ್ಲ ಎಂಬುದು ನನಗೆ ಹೊಳೆದದ್ದು ತಿಂಗಳುಗಳ ಮೇಲೆ.

ಶಾಲೆಯಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಇಬ್ರಲ್ಲಿ ಯಾರು ಸರಿ?" ಎಂದು ಕೇಳಿಯೇಬಿಟ್ಟಳು. ಪುಸ್ತಕದಲ್ಲಿ ಮಂದಗಾಮಿಗಳು, ತೀವ್ರಗಾಮಿಗಳು ಎಂದು ಎರಡು ಸಾಲಿತ್ತು. ವರ್ಷವರ್ಷವೂ ಅದನ್ನು ಕೋಷ್ಟಕ ಹಾಕಿ ಬರೆಸುತ್ತಿದ್ದೆ. ನನಗೆ ಗೊತ್ತಿಲ್ಲ ಎಂದು ಹೇಳಿ ಕೂರಿಸಿದೆ.

ಎರಡು ವರ್ಷದ ಮೇಲೆ ಹೊಂಗಡಹಳ್ಳದಿಂದ ಆ ಸೊಸೆ ಶಾಲೆಗೆ ಫೋನು ಮಾಡಿಸಿದಳು. ಮಾವ ಹೋದರು ಎಂದು. ತಾತನಿಗೆ ಹೇಳಿದಾಗ ಕೋಲು ಹುಡುಕಿಕೊಂಡು ಎದ್ದೇಬಿಟ್ಟರು. ಬಾಡಿಗೆ ಜೀಪಿನಲ್ಲಿ ಹೋದೆವು. ನಾವು ತಲುಪಿದಾಗ ತೋಟದ ಮೂಲೆಯಲ್ಲಿ ಗುಂಡಿಗೆ ಇಳಿಸಿ ಆಗಿತ್ತು, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ತಾತ ಮುಂದೆ ಹೋದರು. ಯಾರೋ, "ಯಜಮಾನ್ರು ಯಾರು ಗೊತ್ತಾಗ್ಲಿಲ್ಲ" ಎಂದರು. ನಾನು ಸ್ನೇಹಿತರು ಎನ್ನುವಷ್ಟರಲ್ಲಿ ತಾತ, "ಇವ್ನನ್ನ ಪೊಲೀಸ್ರಿಗೆ ಹಿಡ್ಕೊಟ್ಟೋನು" ಎಂದರು.

ಅಷ್ಟು ಜನವೂ ತಿರುಗಿ ನೋಡಿತು. ಮಗ, ಐವತ್ತರ ಆಸುಪಾಸಿನವನು, ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡು ನಾನು ತಾತನ ತೋಳು ಹಿಡಿದೆ.

"ಮಣ್ಣು ಹಾಕ್ಬೇಡಿ" ಎಂದ. "ನೋಡ್ಕೊಂಡು ಹೋಗಿ."

ತಾತ ತಲೆಯಾಡಿಸಿದರು. ಕೋಲೂರಿ ನಿಂತು, ಗುಂಡಿ ತುಂಬುವವರೆಗೂ ನೋಡಿದರು. ಸೊಸೆ ಕೈಕಾಲಿಗೆ ನೀರು ಕೊಟ್ಟಳು. ಜೀಪು ಸಕಲೇಶಪುರದ ಇಳಿಜಾರಿಗೆ ಬಂದಾಗ ತಾತ ಬಾಯಿ ಬಿಟ್ಟರು.

"ನನಗಿಂತ ಮುಂಚೆ ಹೋಗ್ಬುಟ್ಟ. ಜಗಳ ಇನ್ನೂ ಮುಗಿದಿರ್ಲಿಲ್ಲ ಕಣ್ ಮಗ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಸಿಟ್ಟು ಹೋಗಿತ್ತೆಂದು ಅಲ್ಲ. ಆ ಕೈ ಹಿಡಿದುಕೊಳ್ಳಲು ಏನನ್ನೋ ಹುಡುಕುತ್ತಿತ್ತು.