ಕನ್ನಪ್ಪನ ದವಡೆ ನೋವು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳನ್ನು ಹಿಂದೆ ಕೆಳದಿಯ ಅರಸರು ಕತ್ತಿ ಹಿಡಿದು ಗೆದ್ದಿದ್ದರು. ಆಮೇಲೆ ಗೆದ್ದವನು ಕನ್ನಪ್ಪ, ಕ್ಲಾರಿಯೊನೆಟ್ಟು ಹಿಡಿದು. ಅರಸರಿಗೆ ಆನೆ, ಕುದುರೆ, ಕೋಟೆ ಎಲ್ಲ ಇದ್ದವು. ಕನ್ನಪ್ಪನಿಗೆ ಇದ್ದದ್ದು ಐದು ಜನರ ಬ್ಯಾಂಡ್ ಸೆಟ್ಟು, ಐದು ಕೆಂಪು ಕೋಟು ಮತ್ತು ಡೋಲನ್ನು ಬಸ್ಸಿನ ಟಾಪಿಗೆ ಹಾಕಲು ಬಿಡುವಷ್ಟು ದಯೆಯಿದ್ದ ಒಬ್ಬ ಕಂಡಕ್ಟರು. ಕೋಟಿನ ಹಿತ್ತಾಳೆ ಗುಂಡಿಗಳು ವರ್ಷಕ್ಕೊಂದರಂತೆ ವೀರಸ್ವರ್ಗ ಸೇರಿ, ಅರವತ್ತೈದನೇ ಇಸವಿಯ ಹೊತ್ತಿಗೆ ಅವನ ಹೊಟ್ಟೆಯ ಮೇಲೆ ಮೂರು ಮಾತ್ರ ಕಾವಲು ನಿಂತಿದ್ದವು.

ಇಪ್ಪತ್ತು ವರ್ಷ ಊದಿ ಅವನು ಸಂಪಾದಿಸಿದ ಶಾಶ್ವತ ಆಸ್ತಿಯೆಂದರೆ ದವಡೆ ನೋವು. ಬೆಳಗಿನಿಂದ ಸಂಜೆಯವರೆಗೆ ಕ್ಲಾರಿಯೊನೆಟ್ಟನ್ನು ಕಚ್ಚಿ ಹಿಡಿದವನ ದವಡೆ ಮನೆಗೆ ಬರುವಾಗ ಊದಿಕೊಂಡು, ಅನ್ನ ಅಗಿಯುವುದಕ್ಕೂ ಒಪ್ಪುತ್ತಿರಲಿಲ್ಲ. ಹೆಂಡತಿ ಯಮುನಮ್ಮ ಬಾಣಲೆಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕಿವಿಯ ಕೆಳಗೆ ಶಾಖ ಕೊಡುತ್ತಿದ್ದಳು. ಗಂಡನ ಸಂಗೀತವನ್ನು ಅವಳು ಕೇಳಿದವಳೇ ಅಲ್ಲ. ಬ್ಯಾಂಡಿನವರ ಹೆಂಡಿರನ್ನು ಮದುವೆಗೆ ಕರೆಯುವವರು ಯಾರು? ಆದರೆ ದವಡೆ ಮುಟ್ಟಿ ನೋಡಿ ಅವನು ಆ ದಿನ ಎಷ್ಟು ಊದಿದ, ಎಷ್ಟು ಜೋರಾಗಿ ಊದಿದ ಎಂದು ಕರಾರುವಾಕ್ಕಾಗಿ ಹೇಳಬಲ್ಲವಳಾಗಿದ್ದಳು.

ದಣಿದದ್ದು ದವಡೆಯೊಂದೇ ಅಲ್ಲ. ಸಾಗರದ ಟಾಕೀಸಿನಲ್ಲಿ ಯಾವ ಸಿನಿಮಾ ಓಡಿತೋ ಅದರ ಹಾಡೇ ಆ ವರ್ಷದ ಎಲ್ಲ ಮದುವೆಗಳ ಹಣೆಬರಹ. ಗಂಡು ಬಂದರೆ ಅದು, ಧಾರೆಗೆ ಅದು, ಪಾಯಸ ಬಡಿಸಿದರೂ ಅದು. ಒಂದೇ ಹಾಡನ್ನು ದಿನಕ್ಕೆ ಹನ್ನೊಂದು ಸಲ ಊದಿ ಊದಿ, ಕನ್ನಪ್ಪನ ಬೆರಳುಗಳು ಎಮ್ಮೆಯ ಕೆಚ್ಚಲಿನ ಮೇಲೂ ಅದನ್ನೇ ನುಡಿಸತೊಡಗಿದ್ದವು.

ಎರಡು ಸಿನಿಮಾ ಹಾಡುಗಳ ನಡುವೆ, ಊಟಕ್ಕೆ ಎಲೆ ಹಾಕುವ ಗದ್ದಲದಲ್ಲಿ, ಅವನು ತನ್ನದೊಂದು ಧಾಟಿಯನ್ನು ಊದಿಕೊಳ್ಳುತ್ತಿದ್ದ. ತಾಯಿ ದುರ್ಗಮ್ಮ ಸಸಿ ಕೀಳುವಾಗ ಹೇಳುತ್ತಿದ್ದ ಹಾಡದು. ಮೊದಲ ಸಾಲು ಅವಳದು, ಎರಡನೆಯದು ಇವನೇ ಕಟ್ಟಿದ್ದು. ತಾಯಿ ಹೋಗಿ ಬಹಳ ಕಾಲವಾಗಿತ್ತು. ಆ ಸಸಿಮಡಿಯೂ ಹೋದ ವರ್ಷ ಶರಾವತಿಯ ಹಿನ್ನೀರಿನ ಪಾಲಾಗಿತ್ತು. ಧಾಟಿಗೆ ಹೆಸರಿರಲಿಲ್ಲ. ಡೋಲು ಬಾರಿಸುವ ಜಟ್ಟಿಂಗಪ್ಪ ಅದನ್ನು ‘ನಿಂದು ಅದು’ ಎನ್ನುತ್ತಿದ್ದ. ಯಾರಾದರೂ ಒಬ್ಬರು, ಎಲೆ ಮುಂದೆ ಕೂತವರಾದರೂ ಸರಿ, ಅದನ್ನು ಒಮ್ಮೆ ಕಿವಿಗೊಟ್ಟು ಕೇಳಲಿ ಎಂಬುದು ಕನ್ನಪ್ಪನ ಒಂದೇ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ. ಅವನ ಬಾಯಿ ಖಾಲಿ ಇರುತ್ತಿದ್ದುದೇ ಅಪರೂಪ.

ಹೀಗಿರಲು ಶತ್ರು ಬಂದ. ಕತ್ತಿ ಹಿರಿದು ಬರಲಿಲ್ಲ, ಬ್ಯಾಟರಿ ಹೊತ್ತು ಬಂದ. ಹೇರಂಬ ಭಟ್ಟ ಎಂಬ ಈ ತರುಣ ಸಾಗರದಲ್ಲಿ ಮೈಕ್ ಸೆಟ್ ಅಂಗಡಿ ತೆರೆದು, ಗ್ರಾಮಫೋನಿನ ಪ್ಲೇಟು ಹಾಕಿ ಅಸಲು ಸಿನಿಮಾ ಹಾಡನ್ನೇ ಮರದ ತುದಿಯಿಂದ ಸುರಿಸತೊಡಗಿದ. ಎರಡೇ ಬೇಸಿಗೆಯಲ್ಲಿ ಕನ್ನಪ್ಪನ ಸಾಮ್ರಾಜ್ಯ ಸಾಗರ ಪೇಟೆಯ ಎರಡು ಬೀದಿಗಳಿಗೆ ಇಳಿಯಿತು. ಆಗ ಹೇರಂಬನೇ ಸಂಧಾನಕ್ಕೆ ಬಂದ.

“ಜನಕ್ಕೆ ಕಿವಿಗೆ ಪ್ಲೇಟು ಬೇಕು, ಕಣ್ಣಿಗೆ ಬ್ಯಾಂಡು ಬೇಕು ಮಾರಾಯ,” ಎಂದ. “ನೀ ಸುಮ್ನೆ ಹಿಡ್ಕಂಡು ನಿಲ್ಲು, ಬೆರಳಾಡ್ಸು. ಹಾಡಿನ ಧಾಟಿನ ಕ್ಲಾರಿಯೊನೆಟ್ಟಲ್ಲೇ ಊದಿರೋ ಪ್ಲೇಟು ಹಾಕ್ತೀನಿ, ಊದೋ ಕೆಲ್ಸ ಅದೇ ಮಾಡ್ತದೆ.”

ಅಭ್ಯಾಸಬಲದಿಂದ ಊದಿಬಿಟ್ಟೀಯ ಎಂದು ರೀಡನ್ನೂ ಬಿಚ್ಚಿಸಿದ. ರೀಡೆಂದರೆ ಕ್ಲಾರಿಯೊನೆಟ್ಟಿನ ಬಾಯಿಗೆ ಬಿಗಿಯುವ ತೆಳ್ಳನೆಯ ಚಕ್ಕೆ. ಅದಿಲ್ಲದಿದ್ದರೆ ಆ ವಾದ್ಯಕ್ಕೂ ಒಲೆ ಊದುವ ಕೊಳವೆಗೂ ವ್ಯತ್ಯಾಸವಿಲ್ಲ. ಊದುವ ಮೊದಲು ರೀಡನ್ನು ಬಾಯಲ್ಲಿಟ್ಟು ನೆನೆಸುವುದು ಪದ್ಧತಿ. ಊದಲಿಕ್ಕಿಲ್ಲದಿದ್ದರೂ ಕನ್ನಪ್ಪ ಅದನ್ನು ಎಲೆಯಡಿಕೆಯ ಹಾಗೆ ಕೆನ್ನೆಯೊಳಗೆ ಒತ್ತರಿಸಿಕೊಂಡ.

ತೀರ್ಥಹಳ್ಳಿಯ ಮದುವೆಯಲ್ಲಿ ಅವನಿಗೆ ಬಾಳಿನಲ್ಲೇ ಕಾಣದ ಕೀರ್ತಿ ಬಂತು. ಹಲಸಿನ ಮರಕ್ಕೆ ಕಟ್ಟಿದ ಮೈಕಿನ ಕೊಂಬು ಹಾಡಿತು, ಕನ್ನಪ್ಪನ ಕೆನ್ನೆ ಉಬ್ಬಿತು, ಜಟ್ಟಿಂಗಪ್ಪ ಡೋಲಿಗೆ ನೋವಾಗದಂತೆ ತಟ್ಟಿದ. ಇಪ್ಪತ್ತು ವರ್ಷದಲ್ಲಿ ಈಗ ನಿನ್ನ ಕೈ ಪಳಗಿತು ನೋಡು ಎಂದು ಹಿರಿಯರು ಹರಸಿದರು. ಗಂಡಿನ ಸೋದರಮಾವ ಶಾಲು ಹೊದೆಸಿದ. ಊದಿದ ಇಪ್ಪತ್ತು ವರ್ಷಕ್ಕೆ ಒಂದು ಟವೆಲ್ಲೂ ಸಿಕ್ಕಿರಲಿಲ್ಲ.

ಸಂಜೆ ಯಮುನಮ್ಮ ಹುರಿದ ಉಪ್ಪಿನ ಗಂಟು ಹಿಡಿದು ಬಂದು ದವಡೆ ಮುಟ್ಟಿದಳು. ಆ ಕಡೆ ಮುಟ್ಟಿದಳು, ಈ ಕಡೆ ಒತ್ತಿದಳು.

“ಇವತ್ತು ಮದ್ವೆ ಇರ್ಲಿಲ್ವಾ?”

ಇತ್ತು ಎಂದ.

“ಹಂಗಾರೆ ಊದಿದ್ದು ಯಾರು?”

ಕನ್ನಪ್ಪ ಶಾಲು ತೋರಿಸಿದ. ಅವಳು ಶಾಲನ್ನು ನೋಡಿದಳು, ಅವನ ಮುಖ ನೋಡಿದಳು, ಗಂಟು ಬಿಚ್ಚಿ ಉಪ್ಪನ್ನು ಮತ್ತೆ ಭರಣಿಗೆ ಸುರಿದಳು. ಆ ಸೀಸನ್ನಿನಲ್ಲಿ ಇನ್ನೂ ನಾಲ್ಕು ಮದುವೆಯಾಯಿತು. ಅವಳು ಮತ್ತೆ ದವಡೆ ಮುಟ್ಟಲಿಲ್ಲ. ದವಡೆ ನೋಯದಿದ್ದರೂ ಕನ್ನಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊದದೆ ಬರುವ ದಣಿವಿಗೆ ಯಾವ ಶಾಖ ಕೊಡಬೇಕೋ ಅವನಿಗೂ ಗೊತ್ತಿರಲಿಲ್ಲ.

ಐದನೆಯದಾದ ಮೇಲೆ ಹೊಸನಗರದಲ್ಲಿ ಅಕ್ಕಿ ಗಿರಣಿ ಮಂಜುನಾಥಪ್ಪನವರ ಮಗಳ ಮದುವೆ. ದಿಬ್ಬಣ ಚಪ್ಪರದ ಬಾಗಿಲಿಗೆ ಬಂತು. ಮದುಮಗನ ಕಾಲು ತೊಳೆಯಲು ಚೊಂಬು ಬಂತು. ಹೇರಂಬ ಪ್ಲೇಟು ಹಾಕಿ, ಕೀಲಿ ಕೊಟ್ಟು, ಉಪ್ಪಿಟ್ಟು ತಿನ್ನಲು ಹಿತ್ತಿಲಿಗೆ ಹೋದ. ಹಾಡಿನ ಎರಡನೇ ಚರಣದಲ್ಲಿ ಪ್ಲೇಟಿನ ಗೀರಿಗೆ ಮುಳ್ಳು ಸಿಕ್ಕಿಕೊಂಡು, ಅದೇ ತುಣುಕು ಮತ್ತೆ ಮತ್ತೆ ಸುತ್ತತೊಡಗಿತು.

ಸ್ವಾಮಿನಿಷ್ಠನಾದ ಕನ್ನಪ್ಪ ರಣರಂಗ ಬಿಡಲಿಲ್ಲ. ಅದೇ ತುಣುಕಿಗೆ ಅದೇ ಬೆರಳುಗಳನ್ನು ಮತ್ತೆ ಮತ್ತೆ ಆಡಿಸಿದ. ಮೊದಲಿಗೆ ಇದೇನೋ ವಿಶೇಷ ವಿದ್ವತ್ತು ಎಂದು ಬೀಗರು ತಲೆದೂಗಿದರು. ಇಪ್ಪತ್ತನೇ ಸುತ್ತಿಗೆ ಮದುಮಗನ ಕಾಲು ತಣ್ಣೀರಿನಲ್ಲಿ ಮುದುಡಿತು. ಮಂಜುನಾಥಪ್ಪನವರು ಮುಂದಕ್ಕೆ ಹೋಗು ಎಂದು ಕೈ ಮಾಡಿದರು. ಕನ್ನಪ್ಪ ಬೆವರುತ್ತ ಅಲ್ಲೇ ಸುತ್ತಿದ.

“ಮುಂದೆ ಹೋಗಾದೋ, ಇಲ್ಲೇ ಸಾಯಾದೋ?” ಎಂದು ಜಟ್ಟಿಂಗಪ್ಪ ತುಟಿ ಅಲ್ಲಾಡಿಸದೆ ಕೇಳಿದ.

ಅಷ್ಟರಲ್ಲಿ ಹೇರಂಬ ಉಪ್ಪಿಟ್ಟಿನ ಕೈಯಲ್ಲೇ ಓಡಿಬಂದು ವೈರು ಕಿತ್ತ. ಕೊಂಬು ಗಪ್ಪನೆ ನಿಂತಿತು. ಕನ್ನಪ್ಪನ ಬೆರಳಿಗೆ ಆ ಸುದ್ದಿ ತಲುಪಲು ಸ್ವಲ್ಪ ಹೊತ್ತು ಬೇಕಾಯಿತು. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಸದ್ದೇ ಇಲ್ಲದ ಹಾಡನ್ನು ಅವನು ನುಡಿಸುತ್ತಿರುವುದನ್ನು ಇಡೀ ದಿಬ್ಬಣ ಕಣ್ಣಾರೆ ಕಂಡಿತು. ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು, ಮದುಮಗಳೂ.

ಚಪ್ಪರದ ಸಂದಿಯಿಂದ ಹೇರಂಬ ‘ಒಂದು ನಿಮಿಷ, ಬೇರೆ ಪ್ಲೇಟು’ ಎಂದು ಸನ್ನೆ ಮಾಡುತ್ತಿದ್ದ. ಕನ್ನಪ್ಪ ಕಾಯಲಿಲ್ಲ. ಪೌರುಷ ಉಕ್ಕಿತೆಂದು ಬರೆಯಬಹುದಿತ್ತು, ಆದರೆ ಅವನಿಗೆ ಉಕ್ಕಿದ್ದು ಪೌರುಷವಲ್ಲ, ಬರೀ ಸಾಕಾಗಿತ್ತು. ಕೆನ್ನೆಯಿಂದ ರೀಡು ತೆಗೆದ, ವಾದ್ಯದ ಬಾಯಿಗೆ ಕೂರಿಸಿದ, ತಿರುಪು ಬಿಗಿದ, ತನ್ನದನ್ನು ಊದಿದ. ಜಟ್ಟಿಂಗಪ್ಪ ಒಂದು ನಿಟ್ಟುಸಿರು ಬಿಟ್ಟು ಡೋಲಿಗೆ ನಿಜವಾದ ಏಟು ಕೊಟ್ಟ.

ಮೂರು ತಾಲೂಕು ನಡುಗಲಿಲ್ಲ. ಅಭ್ಯಾಸ ತಪ್ಪಿದ ತುಟಿ ಎರಡು ಕಡೆ ಕೀರಲು ಸ್ವರ ಹೊರಡಿಸಿತು. ಸಿನಿಮಾದ್ದು ಹಾಕು ಎಂದು ಯಾರೋ ಕೂಗಿದರು. ಬೀಗರು ಕಾಲು ಒರೆಸಿಕೊಂಡು ಒಳಗೆ ಹೋದರು. ಅವನು ಇನ್ನೂ ಊದುತ್ತಿರುವಾಗಲೇ ಹೇರಂಬನ ಹೊಸ ಪ್ಲೇಟು ಮರದ ಮೇಲಿಂದ ಗರ್ಜಿಸಿ ಅವನನ್ನು ಮುಳುಗಿಸಿತು. ಆದರೂ ಸಾಲು ಮುಗಿಯುವವರೆಗೆ ಅವನು ಬಾಯಿ ತೆಗೆಯಲಿಲ್ಲ.

ಚಪ್ಪರದ ಕಂಬಕ್ಕೆ ಒರಗಿ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತಿದ್ದ ಮುದುಕಿಯೊಬ್ಬಳು, ಮದುಮಗಳ ಅಜ್ಜಿ ಹುಲಿಯಮ್ಮ, ಅವನನ್ನು ಹತ್ತಿರ ಕರೆದಳು.

“ಸಸಿ ಕೀಳೋ ಹಾಡಲ್ವನಾ ಅದು? ಎರಡನೇ ಸಾಲು ತಪ್ಪು.”

“ಆ ಸಾಲು ನಾನೇ ಕಟ್ಟಿದ್ದು ಅಮ್ಮ.”

“ಯಾರ್ ಕಟ್ಟಿದ್ರೇನು, ತಪ್ಪು ತಪ್ಪೇ. ಅಲ್ಲಿ ಬಗ್ಗಿದ ಸೊಂಟ ಏಳ್ಬೇಕು, ನೀನು ಇನ್ನೂ ಬಗ್ಗುಸ್ತೀಯ,” ಎಂದು ಮತ್ತೆ ಕುಟ್ಟತೊಡಗಿದಳು.

ಕನ್ನಪ್ಪ ಅಲ್ಲೇ ನಿಂತ. ಶಾಲು ಹೊದೆಸಿದವನು ಯಾವ ಹಾಡೆಂದೂ ಕೇಳಿರಲಿಲ್ಲ. ಇವಳು ತಪ್ಪು ಹಿಡಿಯುವಷ್ಟು ಕೇಳಿದ್ದಳು.

ಮುಂದಿನ ವಾರ ತೀರ್ಥಹಳ್ಳಿಯಲ್ಲಿ ದೊಡ್ಡ ಮದುವೆಯಿದೆ, ಇವತ್ತಿನದನ್ನು ಮರೆತುಬಿಡು ಎಂದು ಹೇರಂಬ ಸಮಾಧಾನ ಹೇಳಿದ.

“ಬರ್ತೀನಿ ಭಟ್ರೇ, ರೀಡು ಹಾಕ್ಕಂಡೇ ನಿಲ್ತೀನಿ. ಆಗ್ತದಾ?”

ಹಾಗಾದರೆ ನನ್ನ ಪ್ಲೇಟು ಯಾಕೆ ಎಂದು ಹೇರಂಬ ನಕ್ಕ. ಸಂಧಾನ ಅಲ್ಲಿಗೇ ಮುರಿಯಿತು. ಸಾಗರದ ಬಸ್ಸಿನಲ್ಲಿ ಜಟ್ಟಿಂಗಪ್ಪ ದಾರಿಯುದ್ದಕ್ಕೂ ಬೈದ. ಇನ್ನು ಪೇಟೆಯ ಎರಡು ಬೀದಿಗಳಲ್ಲಿ ಪುಗಸಟ್ಟೆ ಊದಿಕೊಂಡಿರು ಎಂದ. ಕನ್ನಪ್ಪ ದವಡೆಗೆ ಅಂಗೈ ಒತ್ತಿಕೊಂಡು ಕೂತಿದ್ದ. ಬಾಯಿ ತೆರೆದರೆ ನೋಯುತ್ತಿತ್ತು.

ಮನೆಯಲ್ಲಿ ಅವನು ಊಟಕ್ಕೂ ಏಳದೆ ಗೋಡೆಗೆ ಒರಗಿದ್ದನ್ನು ಕಂಡು ಯಮುನಮ್ಮ ಹತ್ತಿರ ಬಂದಳು. ಸಂಶಯದಿಂದಲೇ ಕಿವಿಯ ಕೆಳಗೆ ಒಂದು ಬೆರಳು ಇಟ್ಟಳು. ಕನ್ನಪ್ಪ ಹಾ ಎಂದು ತಲೆ ಎಳೆದುಕೊಂಡ. ಅವಳು ಎದ್ದು ಬಾಣಲೆಯನ್ನು ಒಲೆಯ ಮೇಲಿಟ್ಟಳು. ಉಪ್ಪು ಚಟಪಟ ಎನ್ನತೊಡಗಿತು.

“ಎರಡನೇ ಸಾಲು ತಪ್ಪಂತೆ,” ಎಂದ ಕನ್ನಪ್ಪ, ಅರ್ಧ ಬಾಯಲ್ಲಿ.

“ಬಾಯ್ ಮುಚ್ಕಂಡು ಕೂತ್ಕಳಿ,” ಎಂದಳು ಯಮುನಮ್ಮ, ಗಂಟು ಕಟ್ಟುತ್ತ. “ಶಾಖ ತಾಗ್ಬೇಕು.”