ಓಡುವ ಗಾಡಿಯಲ್ಲಿ ಗುಂಡಪ್ಪ

ಹೋದ ವಾರ ನಾನು ನನ್ನ ಮಗಳನ್ನು ನಾಲೆ ರಸ್ತೆಯಲ್ಲಿ ಬೀಳಿಸಿದೆನಂತೆ. ನಮ್ಮೂರು ಹನಗೋಡಿನಲ್ಲಿ ಹುಟ್ಟಿದ ಈ ಸುದ್ದಿ ತಿಂಡಿ ಹೊತ್ತಿಗೆ ಹುಣಸೂರು ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಮಧ್ಯಾಹ್ನದೊಳಗೆ ಕೆ.ಆರ್. ನಗರದಿಂದ ನನ್ನ ಅಮ್ಮನ ಫೋನ್ ಬಂತು. ಹಲೋ ಎನ್ನುವ ಮೊದಲೇ ಅಳುತ್ತಿದ್ದಳು.

ಸುದ್ದಿಯಲ್ಲಿ ಅರ್ಧ ನಿಜ. ಬಿದ್ದದ್ದು ಹೌದು. ಬೀಳಿಸಿದ್ದು ನಾನೇ. ಆದರೆ ಬಿದ್ದದ್ದು ಮಗು ಅಲ್ಲ, ನಮ್ಮ ಮನೆಯ ರುಬ್ಬುಗುಂಡು.

ರುಬ್ಬುಗುಂಡಿಗೆ ಕುಲಾವಿ ಯಾಕೆ ಹಾಕಿತ್ತು? ಅದನ್ನು ಮಗುವಿನ ಗಾಡಿಯಲ್ಲಿ ಕೂರಿಸಿಕೊಂಡು ನಾನು ಬೆಳಬೆಳಗ್ಗೆ ಯಾಕೆ ಓಡುತ್ತಿದ್ದೆ? (ಅಮ್ಮನೂ ಇದನ್ನೇ ಕೇಳಿದಳು. ಮಗು ಬಿದ್ದಿಲ್ಲ ಎಂದು ಗೊತ್ತಾದ ಕೂಡಲೇ ಅಳು ನಿಲ್ಲಿಸಿ ಬೈಯಲು ಶುರು ಮಾಡಿದ್ದಳು.) ಮೊದಲಿನಿಂದಲೇ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನನ್ನ ಓಟದ ಚಟ ಗೊತ್ತಿದೆ. ಹೆರಿಗೆಗೆ ಮುಂಚೆ ಸ್ಕೂಲಿಗೆ ಪಾಠ ಮಾಡಲು ಹೋಗುವ ಮೊದಲು ದಿನಾ ನಾಲೆ ಏರಿಯ ಮೇಲೆ ಓಡುತ್ತಿದ್ದೆ. ಪದಕಕ್ಕಲ್ಲ, ತೆಳ್ಳಗಾಗುವುದಕ್ಕೂ ಅಲ್ಲ. ಆ ಅರ್ಧ ಗಂಟೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಅಷ್ಟೆ. ಬಸುರಿನಲ್ಲಿ ಓಟ ನಿಂತಿತು, ಮಗಳು ಹುಟ್ಟಿದಳು. ಬಾಣಂತನ ಮುಗಿಯಿತು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ, ಪಥ್ಯವೂ ಹೋಯಿತು. ಶೂ ಮಾತ್ರ ಮೂಲೆಯಲ್ಲೇ ಕೂತಿತ್ತು. ಅದನ್ನು ನೋಡಿದಾಗೆಲ್ಲ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು.

ನಮ್ಮೆಜಮಾನರು ಹಾಲಿನ ವ್ಯಾನ್ ಓಡಿಸುತ್ತಾರೆ. ಬೆಳಕು ಹರಿಯುವ ಮೊದಲೇ ವೀರನಹೊಸಹಳ್ಳಿ ಕಡೆಗೆ ಹೊರಟುಬಿಡುತ್ತಾರೆ. ಮನೆಯಲ್ಲಿ ಉಳಿಯುವುದು ನಾನು, ಮಗು, ಅತ್ತೆ. ಹಾಗಾಗಿ ಅತ್ತೆಯನ್ನೇ ಕೇಳಿದೆ.

"ಅತ್ತೆ, ಬೆಳಿಗ್ಗೆ ಅರ್ಧ ಗಂಟೆ ಪಾಪು ನೋಡ್ಕತೀರಾ? ಓಡ್ಕೊಂಡ್ ಬರ್ತೀನಿ."

"ಯಾಕೆ? ಯಾರಾರ ಅಟ್ಟುಸ್ಕೊಂಡ್ ಬತ್ತಾವ್ರಾ?"

"ಇಲ್ಲ, ಸುಮ್ನೆ."

"ಸುಮ್ನೆ ಓಡಕ್ಕೆ ಕೂಸ್ನ ಬುಟ್ಟೋಯ್ತೀಯಾ? ನಂಗೆ ಅಸ ಕರೀಬೇಕು, ಕೊಟ್ಗೆ ಬಾಚ್ಬೇಕು, ಡೈರಿಗೆ ಆಲು ಆಕ್ಬೇಕು. ಪುರ್ಸೊತ್ತಿಲ್ಲ ಕಣವ್ವ."

ಅತ್ತೆ ಕೆಟ್ಟವರಲ್ಲ. ಆಸ್ಪತ್ರೆಗೆ ಹೋಗಬೇಕು ಎಂದರೆ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಮಗುವನ್ನು ಎತ್ತಿಕೊಳ್ಳುತ್ತಾರೆ. ಪರೀಕ್ಷೆ ಪೇಪರ್ ತಿದ್ದಬೇಕು ಎಂದರೂ ಸೈ. 'ಸುಮ್ನೆ' ಎನ್ನುವ ಕೆಲಸಕ್ಕೆ ಮಾತ್ರ ಅವರ ಹತ್ತಿರ ಪುರುಸೊತ್ತಿಲ್ಲ. (ಯಾವ ಮನೆಯಲ್ಲಿದೆ ಹೇಳಿ?)

ಸರಿ, ಮಗುವನ್ನೂ ಕರೆದುಕೊಂಡೇ ಓಡುತ್ತೇನೆ ಎಂದು ತೀರ್ಮಾನಿಸಿದೆ. ಅದಕ್ಕೊಂದು ಸ್ಟ್ರೋಲರ್ ಬೇಕಲ್ಲ?

ಮೊದಲು ಹುಣಸೂರಿನ ಒಂದು ಅಂಗಡಿಗೆ ಹೋದೆ. "ಇದು ಜಾಗಿಂಗ್ ಮಾಡೆಲ್ ಮೇಡಂ" ಎಂದು ಒಂದು ಗಾಡಿ ಇಳಿಸಿದರು. ಸಾಕ್ಷಿ ಏನು? ಡಬ್ಬದ ಮೇಲೆ ಶೂ ಹಾಕಿಕೊಂಡ ಹೆಂಗಸಿನ ಚಿತ್ರವಿತ್ತು. ಚಕ್ರಗಳು ನನ್ನ ಕೈಬಳೆಯಷ್ಟಿದ್ದವು. ನಮ್ಮ ನಾಲೆ ರಸ್ತೆಯ ಮೊದಲ ಗುಂಡಿಗೇ ಅವು ಮುಳುಗಿಹೋಗುತ್ತವೆ. "ಕೈಬ್ರೇಕ್ ಇರೋದು ಇದ್ಯಾ?" ಎಂದೆ. "ಯಾಕ್ ಮೇಡಂ, ಮಗೂನ ರೇಸಿಗೆ ಬಿಡ್ತೀರಾ?" ಎಂದು ನಕ್ಕರು.

ಅಡ್ಡಾಡುವ ಗಾಡಿಯೇ ಬೇರೆ, ಓಡುವ ಗಾಡಿಯೇ ಬೇರೆ. ಓಡುವುದಕ್ಕೆ ಚಕ್ರ ಮೂರೇ ಸಾಕು, ಆದರೆ ದೊಡ್ಡದಿರಬೇಕು, ಗಾಳಿ ತುಂಬುವಂತಿರಬೇಕು. ಮುಂದಿನ ಚಕ್ರ ಅತ್ತಿತ್ತ ತಿರುಗದ ಹಾಗೆ ಲಾಕ್ ಮಾಡಲು ಬರಬೇಕು. ಇಲ್ಲದಿದ್ದರೆ ಓಡುವಾಗ ಸಣ್ಣ ಕಲ್ಲು ಸಿಕ್ಕರೂ ಗಾಡಿ ಓಲಾಡುತ್ತದೆ. ಬ್ರೇಕ್ ಹಿಡಿಕೆಯಲ್ಲೇ ಇರಬೇಕು. ಗಾಡಿ ಕೈತಪ್ಪಿ ಹೋಗದಂತೆ ನಮ್ಮ ಮಣಿಕಟ್ಟಿಗೊಂದು ಪಟ್ಟಿ, ಮಗು ಹೊರಗೆ ಹಾರದಂತೆ ಹೆಗಲಿಗೆ, ಸೊಂಟಕ್ಕೆ, ತೊಡೆ ನಡುವೆ ಬೆಲ್ಟು. ಇಷ್ಟೆಲ್ಲ ನಾನು ಓದಿ ತಿಳಿದುಕೊಂಡಿದ್ದೆ. ಇದನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣ ಮುಂದೆ ಗೊತ್ತಾಗುತ್ತದೆ.

ಮೈಸೂರಿಗೆ ಹೊರಟಾಗ ಅತ್ತೆಯೂ ಬಂದರು. ಸೊಸೆ ಅದೇನು ತರುತ್ತಾಳೋ ಕಣ್ಣಾರೆ ನೋಡಬೇಕಿತ್ತು. ಅಲ್ಲಿ ಸಿಕ್ಕಿತು, ನಾನು ಹುಡುಕುತ್ತಿದ್ದ ಮೂರು ಚಕ್ರದ ಗಾಡಿ. ಹಿಡಿಕೆ ಹಿಡಿದು ಎರಡು ಹೆಜ್ಜೆ ತಳ್ಳಿದೆನೋ ಇಲ್ಲವೋ, ಅತ್ತೆ ಅಂಗಡಿ ಅದುರುವಂತೆ ಕೂಗಿದರು.

"ಏಯ್, ಬುಡು ಬುಡು! ಖಾಲಿ ತೊಟ್ಲು ತೂಗ್ಬಾರ್ದು ಕಣೆ. ಕೂಸಿಗೆ ಒಟ್ಟೆ ನೋಯ್ತದೆ."

ಸೇಲ್ಸಿನವರು ತಿಳಿಹೇಳಲು ನೋಡಿದರು. "ಅಮ್ಮಾ, ಇದು ತೊಟ್ಟಿಲಲ್ಲ, ಸ್ಟ್ರೋಲರ್."

"ಇದ್ರಲ್ಲಿ ಕೂಸು ಮನಗ್ತದಾ ಇಲ್ವಾ?"

"ಮಲಗುತ್ತೆ."

"ಅಂಗಾದ್ರೆ ತೊಟ್ಲೇಯ."

ಇದಕ್ಕೆ ಯಾವ ಕಂಪನಿಯ ಕೈಪಿಡಿಯಲ್ಲಿ ಉತ್ತರವಿದೆ? ಅತ್ತೆ ಮಾರ್ಕೆಟ್ಟಿನಲ್ಲಿ ಕೊಂಡಿದ್ದ ಕುಂಬಳಕಾಯಿಯನ್ನು ಚೀಲದಿಂದ ತೆಗೆದು ಸೀಟಿನಲ್ಲಿ ಕೂರಿಸಿದರು. "ಈಗ ತಳ್ಳು" ಎಂದರು. ನಾನು ಕುಂಬಳಕಾಯಿ ಕೂತ ಗಾಡಿಯನ್ನು ಅಂಗಡಿಯ ಉದ್ದಕ್ಕೂ ಓಡಿಸಿದೆ, ತಿರುಗಿಸಿದೆ, ಬ್ರೇಕ್ ಹಾಕಿದೆ. ಬೇರೆ ಗಿರಾಕಿಗಳು ದಾರಿ ಬಿಟ್ಟರು. ಹೇಳಿದರೆ ನಗಬೇಡಿ, ಅದು ಒಳ್ಳೆಯ ಟೆಸ್ಟೇ ಆಗಿತ್ತು. ಖಾಲಿ ಗಾಡಿ ಯಾವುದಾದರೂ ಹಗುರಾಗಿಯೇ ಓಡುತ್ತದೆ, ಭಾರ ಹಾಕಿದಾಗಲೇ ಅದರ ಬುದ್ಧಿ ಗೊತ್ತಾಗುವುದು.

"ಪಂಚರ್ ಆದ್ರೆ?" ಎಂದು ಅತ್ತೆ ಕೇಳಿದರು. ಚಕ್ರದ ಫೋಟೋ ತೆಗೆದು ನಮ್ಮೂರ ಸೈಕಲ್ ಶಾಪಿಗೆ ಕಳಿಸಿದೆ. "ಚಿಕ್ ಸೈಕಲ್ ಟ್ಯೂಬೇ ಆಯ್ತದೆ, ತಗಳ್ಳಿ" ಎಂದು ಉತ್ತರ ಬಂತು. ಕೊಂಡೆವು. (ರೇಟು ಇಲ್ಲಿ ಬರೆಯುವುದಿಲ್ಲ. ಅತ್ತೆಗೆ ಪೇಪರ್ ಓದಿ ಹೇಳುವವರು ಊರಲ್ಲಿ ಇದ್ದಾರೆ.)

ಗಾಡಿ ಊರಿಗೆ ಬಂದ ಸಂಜೆ ನಮ್ಮೆಜಮಾನರು ಮಗಳನ್ನು ಅದರಲ್ಲಿ ಕೂರಿಸಿಕೊಂಡು ಬೀದಿ ಕೊನೆಯವರೆಗೆ ಹೋಗಿಬಂದರು. ಅಷ್ಟೇ ಮಾಡಿದ್ದು. "ಅಪ್ಪ ಅಂದ್ರೆ ಇಂಗಿರ್ಬೇಕು ಕಣ್ರೀ" ಎಂದು ನೆರೆಮನೆಯವರು ಇವತ್ತಿಗೂ ಹೇಳುತ್ತಿದ್ದಾರೆ.

ಓಡುವುದಕ್ಕೆ ಮುಂಚೆ ಡಾಕ್ಟರನ್ನು ಕೇಳಿದೆ. "ಮಗುವಿನ ಕತ್ತು, ಬೆನ್ನು ಗಟ್ಟಿಯಾಗಲಿ. ಆಧಾರ ಇಲ್ಲದೆ ಚೆನ್ನಾಗಿ ಕೂರಲಿ. ಅಲ್ಲಿ ತನಕ ಗಾಡಿ ತಳ್ಳಿಕೊಂಡು ನಡೀರಿ, ಓಡಬೇಡಿ" ಎಂದರು. ನನ್ನ ಮಗಳು ಆಗಷ್ಟೇ ಕೂರಲು ಕಲಿಯುತ್ತಿದ್ದಳು. ಕೂತು ಒಂದು ಸಲ ನಕ್ಕರೆ ಪಕ್ಕಕ್ಕೆ ವಾಲಿಬಿಡುತ್ತಿದ್ದಳು. ಇನ್ನೂ ಕಾಯಬೇಕು ಎಂದು ಕೇಳಿ ನನಗೆ ಅಳುವೇ ಬಂತು. ಗಾಡಿ ಇದೆ, ಶೂ ಇದೆ, ರಸ್ತೆ ಇದೆ, ಓಟ ಇಲ್ಲ!

ನನ್ನ ಸಪ್ಪೆ ಮುಖ ನೋಡಿ ಅತ್ತೆಗೆ ಏನನ್ನಿಸಿತೋ. "ಎಂಗೂ ಒಸ ಗಾಡಿ. ಕೂಸ್ನ ಓಡ್ಸೋಕ್ ಮುಂಚೆ ಗುಂಡಪ್ಪನ್ನ ಒಂದ್ ಸುತ್ತು ಓಡ್ಸು" ಎಂದರು.

ಗುಂಡಪ್ಪ ಅಂದರೆ ರುಬ್ಬುಗುಂಡು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಅವನೇ. ಬಟ್ಟೆ ತೊಡಿಸಿ, ಬೊಟ್ಟಿಟ್ಟು, ತೊಟ್ಟಿಲಿನ ಮೇಲಿಂದ ಕೆಳಗಿಂದ ಅವನನ್ನು ದಾಟಿಸಿ, ಮಲಗಿಸಿ ತೂಗಿದ ಮೇಲೆಯೇ ಕೂಸಿನ ಸರದಿ. ಮಿಕ್ಸಿ ಬಂದ ಮೇಲೆ ರುಬ್ಬುವ ಕೆಲಸ ಹೋಗಿ, ನಮ್ಮ ಗುಂಡಪ್ಪ ಹಿತ್ತಲಲ್ಲಿ ಕೂತಿದ್ದಾನೆ. ಮನೆಯಲ್ಲಿ ಮಗು ಹುಟ್ಟಿದರೆ ಮಾತ್ರ ಅವನಿಗೆ ಡ್ಯೂಟಿ. ಗಾಡಿಯೂ ತೊಟ್ಟಿಲೇ ಎಂದು ಅತ್ತೆ ಮೈಸೂರಿನಲ್ಲೇ ತೀರ್ಪು ಕೊಟ್ಟಾಗಿತ್ತಲ್ಲ, ಅದರಂತೆ ಗುಂಡಪ್ಪ ಮತ್ತೆ ಡ್ಯೂಟಿಗೆ ಹಾಜರಾದ.

ಹೋದ ವಾರ ಬೆಳಿಗ್ಗೆ ಅತ್ತೆಯೇ ಅವನಿಗೆ ನೀರು ಹಾಕಿ ತೊಳೆದರು. ಮಗಳ ಹಳೇ ಕುಲಾವಿ ಹಾಕಿ, ಶಾಲು ಸುತ್ತಿ, ದೃಷ್ಟಿಗೆಂದು ಕಾಡಿಗೆಯ ಚುಕ್ಕೆ ಇಟ್ಟು ಸೀಟಿನಲ್ಲಿ ಕೂರಿಸಿದರು. ಮಗಳು ಅವರ ಕಂಕುಳಲ್ಲಿದ್ದಳು. ಹಾಲು ಕರೆಯುವ ಹೊತ್ತು, ಕೊಟ್ಟಿಗೆಯಲ್ಲಿ ಹಸು ಕೂಗುತ್ತಲೇ ಇತ್ತು. ಅತ್ತೆ ತಿರುಗಿ ನೋಡಲಿಲ್ಲ, ಶಾಸ್ತ್ರ ನಡೆಯುತ್ತಿತ್ತು.

ನಾನು ಓಡಿದೆ. ಒಂದು ವರ್ಷದ ಮೇಲೆ ಮೊದಲ ಸಲ! ಕಾಲು ಭಾರ, ಎದೆ ಏದುಸಿರು, ಆದರೂ ಆ ಖುಷಿಯನ್ನು ಏನೆಂದು ಹೇಳಲಿ? ನಾಲೆಯಲ್ಲಿ ನೀರು ಬಿಟ್ಟಿದ್ದರು. ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಗುಂಡಪ್ಪ ಗಂಭೀರವಾಗಿ ಮುಂದೆ ನೋಡುತ್ತಾ ಕೂತಿದ್ದ.

ಆದರೆ ಮಗು ಜೊತೆಗಿದ್ದರೆ (ಅಥವಾ ಇರುವಂತೆ ಕಂಡರೆ) ಹೆಂಗಸು ಓಡುವುದಕ್ಕೆ ನಮ್ಮ ಕಡೆ ಎರಡೇ ಕಾರಣ. ಮೊಪೆಡ್ಡಿನಲ್ಲಿ ಹಾಲು ತರುತ್ತಿದ್ದವರೊಬ್ಬರು ಗಾಡಿ ನಿಧಾನ ಮಾಡಿ, "ಆಸ್ಪತ್ರೆಗಾ ತಾಯಿ? ಅತ್ಗಳಿ, ಬುಡ್ತೀನಿ" ಎಂದರು. ಸ್ವಲ್ಪ ಮುಂದೆ ನಲ್ಲಿ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸು ದನಿ ತಗ್ಗಿಸಿ, "ಯಾಕವ್ವಾ, ಮನೇಲಿ ಏನಾರ ಮಾತ್ ಬಂತಾ?" ಎಂದಳು. ಒಂದೋ ಕಾಯಿಲೆ, ಇಲ್ಲವೋ ಜಗಳ. ಸುಮ್ಮನೆ ಓಡುತ್ತಿದ್ದೇನೆ ಎಂದರೆ ಇಬ್ಬರೂ ನಂಬಲಿಲ್ಲ. ನನಗೂ ನಿಂತು ವಿವರಿಸುವ ಮನಸ್ಸಿರಲಿಲ್ಲ.

ಸೇತುವೆ ಹತ್ತಿರ ಇಳಿಜಾರು. ವೇಗ ಸ್ವಲ್ಪ ಹೆಚ್ಚಾಯಿತು. ಮುಂದಿನ ಚಕ್ರದ ಲಾಕ್ ಹಾಕಿದ್ದೆನೇ? ಇಲ್ಲ. ಹಿಂದಿನ ದಿನ ಹಜಾರದಲ್ಲಿ ತಿರುಗಿಸಲು ಬಿಚ್ಚಿದ್ದು ಹಾಗೇ ಇತ್ತು. ಬೆಲ್ಟ್? ಕಲ್ಲಿಗೆ ಯಾರು ಬೆಲ್ಟ್ ಹಾಕುತ್ತಾರೆ ರೀ!

ಚಕ್ರ ಒಂದು ಜಲ್ಲಿಗೆ ತಾಗಿತು, ಗಡಗಡ ಓಲಾಡಿತು, ಗಾಡಿ ಪಕ್ಕಕ್ಕೆ ಮಗುಚಿತು, ನಾನೂ ಮೊಣಕಾಲೂರಿ ಬಿದ್ದೆ. ಗುಂಡಪ್ಪ ಶಾಲಿನ ಸಮೇತ ಹಾರಿ, ರಸ್ತೆಗೆ ಬಿದ್ದು, ಉರುಳಿಕೊಂಡು ಹೋದ.

ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ಹೆಂಗಸರ ಗುಂಪು ಎದುರಿಗೇ ಬರುತ್ತಿತ್ತು. ಅವರು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಅಯ್ಯಯ್ಯೋ, ಕೂಸು! ಕೂಸು ಬಿದ್ದೋಯ್ತಲ್ರವ್ವಾ!" ಅವರಲ್ಲಿ ಜಯಮ್ಮ ಎಂಬಾಕೆ ಬುತ್ತಿಯನ್ನು ಅಲ್ಲೇ ಎಸೆದು ಓಡಿಬಂದಳು. ನನಗಿಂತ ಮೊದಲು ಗುಂಡಪ್ಪನನ್ನು ಬಾಚಿ ಎದೆಗೆ ಅವುಚಿಕೊಂಡಳು. ಅವುಚಿಕೊಂಡವಳು ಭಾರಕ್ಕೆ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಕುಲಾವಿ ಸರಿಸಿ ನೋಡಿದಳು.

ಉಳಿದವರೂ ಸುತ್ತ ಬಂದು ಬಗ್ಗಿ ನೋಡಿದರು.

"ಕಲ್ಲು ಕಣ್ರೇ" ಎಂದಳು ಜಯಮ್ಮ ಕೊನೆಗೆ. ನಂತರ ನನ್ನ ಕಡೆ ತಿರುಗಿ, "ಮೇಷ್ಟ್ರಮ್ಮ, ಉಸಾರಾಗಿದೀರಾ?" ಎಂದಳು. ಬೈದಿದ್ದರೆ ವಾಸಿಯಿತ್ತು.

ನಗಬೇಕು ಅನ್ನಿಸಿತು, ನಗು ಬರಲಿಲ್ಲ. ಮಗುಚಿದ ಗಾಡಿಯನ್ನು ಎತ್ತಿ ನಿಲ್ಲಿಸಿ ಖಾಲಿ ಸೀಟು ನೋಡಿದೆ. ಆ ಸೀಟಿನಲ್ಲಿ ಮಗಳಿದ್ದಿದ್ದರೆ ಬೆಲ್ಟ್ ಹಾಕಿಯೇ ಇರುತ್ತಿದ್ದೆ, ಖಂಡಿತ. ಲಾಕ್? ಅದರ ಬಗ್ಗೆ ನನಗೆ ಅಷ್ಟು ಖಾತ್ರಿ ಇಲ್ಲ.

ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಅತ್ತೆ ಮಗಳನ್ನು ಎತ್ತಿಕೊಂಡು ಬೀದಿಯಲ್ಲೇ ನಿಂತಿದ್ದರು. ಮುಗಿಯಿತು, ಗಾಡಿ ಇವತ್ತೇ ಅಟ್ಟ ಸೇರುತ್ತದೆ, ಶೂ ಅದರ ಹಿಂದೆ, ಎಂದುಕೊಂಡೆ. ಅವರು ಗುಂಡಪ್ಪನ ಶಾಲು ಬಿಚ್ಚಿದರು. ಸುತ್ತಲೂ ಕೈಯಾಡಿಸಿ ಎಲ್ಲಾದರೂ ಚಕ್ಕೆ ಎದ್ದಿದೆಯೇ ನೋಡಿದರು. ಸೆರಗಿನಿಂದ ಮಣ್ಣು ಒರೆಸಿದರು. ನನ್ನ ತರಚಿದ ಮೊಣಕಾಲನ್ನು ಆಮೇಲೆ ನೋಡಿದರು.

"ಕಟ್ಟಿರ್ನಿಲ್ವಾ ಅವ್ನ?"

"ಇಲ್ಲ ಅತ್ತೆ."

"ಸರಿ ಬುಡು. ಇನ್ನೊಂದ್ ತಿಂಗ್ಳು ಗುಂಡಪ್ಪನ್ನೇ ಓಡ್ಸು. ಬೀಳ್ದಂಗೆ ಓಡ್ಸೋದ್ ಕಲ್ತ್ಕಂಡ್ ಮೇಲೆ ಕೂಸ್ನ ಕೂರ್ಸು. ಅಲ್ಲೀಗಂಟ ದಿನಾ ಓಡ್ಲೇಬೇಕು ನೀನು."

ದಿನಾ! ಓಡಲೇಬೇಕು! ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಅಷ್ಟೊತ್ತು ಪಾಪುನ ಯಾರ್ ನೋಡ್ಕತಾರೆ?" ಎಂದೆ.

"ನಾನೇನ್ ಸತ್ತೋಗಿದೀನಾ?"

"ಹಸ ಕರೆಯೋದು?"

"ಒಂದ್ ಗಳ್ಗೆ ತಡ ಆದ್ರೆ ಅದೇನ್ ಓಡೋಯ್ತದಾ?"

ಈಗ ದಿನಾ ಬೆಳಿಗ್ಗೆ ನಾನು ಓಡುತ್ತಿದ್ದೇನೆ. ಲಾಕ್ ಹಾಕುತ್ತೇನೆ, ಗುಂಡಪ್ಪನಿಗೆ ಬೆಲ್ಟ್ ಬಿಗಿಯುತ್ತೇನೆ, ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತೇನೆ. ನಲ್ಲಿ ಹತ್ತಿರದ ಹೆಂಗಸರು ಈಗ ಏನೂ ಕೇಳುವುದಿಲ್ಲ. ಮೇಷ್ಟ್ರಮ್ಮ ಮಗುವಿಗೋಸ್ಕರ ಕಲ್ಲು ಹೊತ್ತು ಪ್ರಾಕ್ಟೀಸ್ ಮಾಡುತ್ತಿದ್ದಾರೆ ಎಂದು ಊರಿಗೆಲ್ಲ ಗೊತ್ತಾಗಿದೆ; ಅದು ಗೌರವದ ಕೆಲಸ. ಮಗಳು ಅಜ್ಜಿಯ ಕಂಕುಳಲ್ಲಿ ಕೂತು ಗುಂಡಪ್ಪನಿಗೆ ಟಾಟಾ ಮಾಡುತ್ತಾಳೆ. ಹಸು ಕಾಯುತ್ತದೆ.

ಮೊನ್ನೆ ಮೆಲ್ಲಗೆ ಕೇಳಿ ನೋಡಿದೆ. "ಅತ್ತೆ, ಹೆಂಗೂ ಪಾಪುನ ನೀವೇ ನೋಡ್ಕತಿದೀರಲ್ಲ. ನಾಳೆ ಗಾಡಿ ಬಿಟ್ಟು ಓಡ್ಲಾ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಾಡಿ ಬುಟ್ಟು? ಸುಮ್ನೆ ಯಾಕ್ ಓಡೀಯೆ?"

ಹೆಂಗಸು ಬರಿಗೈಯಲ್ಲಿ ಓಡುವುದಕ್ಕೂ ಒಂದು ಶಾಸ್ತ್ರವಿದ್ದರೆ ದಯವಿಟ್ಟು ತಿಳಿಸಿ, ಅತ್ತೆಯ ಕೈಯಲ್ಲೇ ಮಾಡಿಸಿಬಿಡುತ್ತೇನೆ.