ಕಂಪನಿಯ ಮಿಷನ್

ಗಂಗಾವತಿಯಲ್ಲಿ ತಗಡಿನ ಥೇಟರು ಹಾಕಿಕೊಂಡಿದ್ದ ನಾಟಕ ಕಂಪನಿಗೆ ಆ ಬಯಲು ಇನ್ನೊಂದು ಹಂಗಾಮಿಗೆ ಬೇಕಿತ್ತು. ನಗರಸಭೆಯ ಪರವಾನಗಿ ಸಿಗದಿದ್ದರೆ ತಗಡು ಬಿಚ್ಚಿ ಎಲ್ಲರೂ ದಿಕ್ಕಿಗೊಬ್ಬರಾಗಬೇಕು. ಅರ್ಜಿಯ ಜೊತೆ ‘ಸಂಸ್ಥೆಯ ಇತಿಹಾಸ ಮತ್ತು ಮಿಷನ್’ ಬರೆದುಕೊಡಬೇಕೆಂದಿತ್ತು. ಎಂ.ಎ. ಓದಿದವನೆಂದು ಮಾಲೀಕರು, ಕಂಪನಿಯ ಲೆಕ್ಕ ಬರೆಯುತ್ತಿದ್ದ ನನ್ನನ್ನು ಹಿಡಿದರು.

ಕಂಪನಿಯಲ್ಲಿ ಎಲ್ಲರಿಗಿಂತ ಹಳಬರು ಒಬ್ಬ ನಟಿ; ಈಗ ಅವರ ಪಾಲಿಗೆ ಅತ್ತೆಯ ಪಾತ್ರಗಳಷ್ಟೇ. ಅವರನ್ನು ಕೇಳಿದೆ: “ಅಮ್ಮಾರ, ಕಂಪನಿ ಮಿಷನ್ ಏನಂತ ಬರೀಲಿ?”

“ಹೊಲಿಗಿ ಮಿಷನ್ ಒಂದ ಐತ್ರಿ. ಕಾಲೀಲೆ ತುಳಿಯೂದು. ಸೂಜಿ ಮುರದೈತಿ, ಅದನ್ನೂ ಬರಕೊಳ್ರಿ.”

ನಾನು ತಿದ್ದುವ ಮೊದಲೇ ಅವರು ಆ ಮಿಷನ್ನಿನ ಕಥೆ ಶುರುಮಾಡಿದರು. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೊರಟರೆ ಲಾರಿಗೆ ಮೊದಲು ಏರುತ್ತಿದ್ದುದು ಆ ಮಿಷನ್ನಂತೆ, ಆಮೇಲೆ ನಾಯಕಿ. ಹರಿದ ಪರದೆ ರಾಜನ ನಿಲುವಂಗಿಯಾಗುತ್ತಿತ್ತು, ನಿಲುವಂಗಿ ಸವೆದರೆ ಮದುಮಗಳ ಕುಪ್ಪಸ. ಇಷ್ಟು ಸ್ಪಷ್ಟವಾದ ಧ್ಯೇಯ ನಾನು ಕಲಿತ ವಿಶ್ವವಿದ್ಯಾಲಯಕ್ಕೂ ಇದ್ದಂತೆ ಕಾಣೆ.

ಇತಿಹಾಸಕ್ಕೆ ನನ್ನ ನೆನಪನ್ನೇ ಕೊಟ್ಟೆ: ಸಣ್ಣವನಿದ್ದಾಗ ಯಲಬುರ್ಗಾದಲ್ಲಿ ಅವರು ರಾಣಿಯಾಗಿ ಸತ್ತದ್ದು, ನಾನು ಬಿಕ್ಕಿ ಬಿಕ್ಕಿ ಅತ್ತದ್ದು. ಕೇಳಿ ನಕ್ಕರು.

“ಯಲಬುರ್ಗಾದಾಗ ನಾವು ರಾಣಿ ನಾಟಕ ಹಾಕೇ ಇಲ್ರಿ. ಅಲ್ಲಿ ಬರೇ ನಗಿ ನಾಟಕ. ನೀವು ಯಾತಕ್ಕ ಅತ್ತಿರೋ ಏನೋ!”

ಯಾತಕ್ಕೆಂದು ಇಂದಿಗೂ ತಿಳಿದಿಲ್ಲ. ಆದರೂ ಆ ಅಳುವನ್ನು ಇತಿಹಾಸದಲ್ಲಿ ಉಳಿಸಿದೆ. ಊರು ಮಾತ್ರ ಕೊಪ್ಪಳವಾಯಿತು. ಮಿಷನ್ ಜಾಗದಲ್ಲಿ ‘ಜನಸಾಮಾನ್ಯರಿಗೆ ನೀತಿಬೋಧೆ, ಶುದ್ಧ ಅಭಿರುಚಿಯ ಪ್ರಸಾರ’ ಎಂದೆಲ್ಲ ಆರು ಸಾಲು ಬರೆದು ಅವರಿಗೆ ಓದಿ ಹೇಳಿದೆ.

“ಭಾಳ ಛಲೋ ಐತ್ರಿ,” ಎಂದರು. “ಯಾವ ಕಂಪನೀದು?”

ಪರವಾನಗಿ ಬಂತು. ಜೊತೆಗೊಂದು ಷರತ್ತು: ನನ್ನ ಆರೂ ಸಾಲನ್ನು ಅಕ್ಷರ ಬಿಡದೆ ಇಳಿಸಿ, ಆಡುವ ನಾಟಕಗಳು ‘ಮೇಲ್ಕಂಡ ಧ್ಯೇಯಕ್ಕೆ ಒಳಪಟ್ಟಿರತಕ್ಕದ್ದು’ ಎಂದಿದ್ದರು. ಥೇಟರು ತುಂಬುತ್ತಿದ್ದುದೇ ಹಾಸ್ಯನಟನ ಎರಡರ್ಥದ ಮಾತಿಗೆ. ಅವನು ಆದೇಶ ಓದಿ ನನ್ನ ಕಡೆ ತಿರುಗಿದ.

“ಎಂ.ಎ. ಸರ, ಜಾಗಾ ಉಳಿಸಿದ್ರಿ, ನನ್ನ ಬಾಯಿ ಹೊಲದ್ರಿ.”

ಆ ದಿನದ ಆಟದಲ್ಲಿ ಅವನು ತನ್ನದೊಂದು ಮಾತನ್ನೂ ಆಡಲಿಲ್ಲ. ಆದೇಶದ ಹಾಳೆ ಹಿಡಿದು ರಂಗಕ್ಕೆ ಬಂದು, ಮುಖ ಬಿಗಿದು, ಬೇಕಾದಲ್ಲೆಲ್ಲ ತಡೆದು ನನ್ನ ಆರು ಸಾಲು ಓದಿದ. ‘ಶುದ್ಧ ಅಭಿರುಚಿ’ಗೆ ಬರುವಷ್ಟರಲ್ಲಿ ಜನ ಕುರ್ಚಿ ಬಿಟ್ಟೆದ್ದು ಸಿಳ್ಳೆ ಹಾಕುತ್ತಿದ್ದರು. ಮೂರು ಸಲ ‘ಒನ್ಸ್ ಮೋರ್’ ಬಿತ್ತು. ಎರಡೇ ಇದ್ದೀತು, ಬರೆದವನು ನಾನಾದ್ದರಿಂದ ಒಂದು ಹೆಚ್ಚು ಕೇಳಿಸಿರಬೇಕು.